ರಕ್ತ ಬಿದ್ದರೆಲ್ಲಾ ಪೈಲ್ಸ್ ಅಲ್ಲ: ಗುದದ ಬಿರುಕು ಅಂದ್ರೆ ಏನು, ವಾಸಿ ಆಗೋದು ಹೇಗೆ?

ಮೋಷನ್‌ಗೆ ಹೋದಾಗ ಗಾಜಿನ ಚೂರು ಇಳಿದಂಥ ನೋವು. ಹಿಂದೆಯೇ ನಾಲ್ಕು ಹನಿ ಕೆಂಪು ರಕ್ತ. ಆಮೇಲೆ ಗಲ್ಲಾಪೆಟ್ಟಿಗೆ ಮುಂದೆ ಕೂತರೂ ಎರಡು ಮೂರು ತಾಸು ಬಿಡದ ಉರಿ. ಇಷ್ಟು ಆದ್ರೆ ಸಾಕು, ಬಹಳ ಜನ ಇದಕ್ಕೆ ತಾವೇ ‘ಪೈಲ್ಸ್’ ಅಂತ ಹೆಸರು ಇಟ್ಟುಬಿಡ್ತಾರೆ. ಮನೆಯಲ್ಲಿ ಹೇಳಲ್ಲ, ಡಾಕ್ಟ್ರ ಹತ್ತಿರ ಹೋಗಲ್ಲ. ಮೆಡಿಕಲ್ ಸ್ಟೋರ್‌ನಲ್ಲಿ ತಗ್ಗಿದ ದನಿಯಲ್ಲಿ ಒಂದು ಟ್ಯೂಬ್ ಕೇಳಿ ತರ್ತಾರೆ. ಅದಕ್ಕೂ ಬಗ್ಗದಿದ್ದರೆ ಬಸ್ ಸ್ಟ್ಯಾಂಡ್ ಗೋಡೆ ಮೇಲಿರೋ ನಂಬರ್‌ಗೆ ಫೋನ್ ಹೋಗುತ್ತೆ.

ಇಷ್ಟೊಂದು ನೋವು ಕೊಡುವ ಈ ಕಾಯಿಲೆ ಹೆಚ್ಚಿನ ಸಲ ಪೈಲ್ಸ್ ಅಲ್ಲವೇ ಅಲ್ಲ. ಡಾಕ್ಟರುಗಳು ಇದನ್ನು ಫಿಶರ್ ಅಂತಾರೆ, ಕನ್ನಡದಲ್ಲಿ ಗುದದ ಬಿರುಕು. ಚಳಿಗಾಲದಲ್ಲಿ ತುಟಿ ಒಡೆದ ಹಾಗೆ, ಮಲ ಹೊರಬರುವ ದಾರಿಯ ಕೊನೆಯ ಭಾಗದ ತೆಳು ಚರ್ಮ ಸೀಳಿಕೊಂಡಿರುತ್ತೆ. ಗಾಯ ಅಂದ್ರೆ ಅಷ್ಟೇ, ಕೆಲವೇ ಮಿಲಿಮೀಟರ್ ಉದ್ದದ್ದು. ಹೊಸದರಲ್ಲೇ ಸರಿಯಾಗಿ ನೋಡಿಕೊಂಡರೆ ಚಾಕು ಮುಟ್ಟದೆ ವಾಸಿ ಆಗುವ ಕಾಯಿಲೆ ಇದು. ಕೆಡುವುದು ಮುಚ್ಚಿಡೋದರಿಂದ, ತಪ್ಪು ಹೆಸರಿಟ್ಟು ತಪ್ಪು ಔಷಧಿ ಮಾಡೋದರಿಂದ.

ಸಣ್ಣ ಗಾಯಕ್ಕೆ ಇಷ್ಟು ನೋವು ಯಾಕೆ?

ಗುದದ್ವಾರದ ಸುತ್ತ ಎರಡು ಉಂಗುರದಂಥ ಸ್ನಾಯು ಇವೆ. ಹೊರಗಿನದು ನಮ್ಮ ಮಾತು ಕೇಳುತ್ತೆ, ಬೇಕಾದಾಗ ಬಿಗಿಹಿಡಿಯಬಹುದು. ಒಳಗಿನದು ಹಾಗಲ್ಲ. ಅದು ಹಗಲೂ ರಾತ್ರಿ ತನ್ನಷ್ಟಕ್ಕೆ ಬಿಗಿಯಾಗೇ ಇರುತ್ತೆ. ಗಟ್ಟಿ ಮಲ ಹೊರಬರುವಾಗ ಚರ್ಮ ಸೀಳಿದರೆ ಈ ಒಳಗಿನ ಸ್ನಾಯು ಕೆರಳಿ, ಸೆಟೆದುಕೊಂಡು ಹಿಡಿದುಬಿಡುತ್ತೆ. ಮೋಷನ್ ಮುಗಿದ ಮೇಲೂ ತಾಸುಗಟ್ಟಲೆ ಉರಿಯೋದು, ಹಿಂಡಿದ ಹಾಗೆ ಆಗೋದು ಈ ಸೆಟೆತದಿಂದ.

ಬರೀ ನೋವಾದರೆ ಸಹಿಸಬಹುದಿತ್ತು. ಸೆಟೆದ ಸ್ನಾಯು ಅಲ್ಲಿನ ಸಣ್ಣ ರಕ್ತನಾಳಗಳನ್ನೂ ಅಮುಕುತ್ತೆ. ರಕ್ತ ಸರಿಯಾಗಿ ಬಾರದ ಗಾಯ ಮಾಯೋದಿಲ್ಲ. ಬಹುಪಾಲು ಬಿರುಕು ಬೆನ್ನಿನ ಕಡೆಗೆ, ಸರಿ ನಡುಗೆರೆಯಲ್ಲೇ ಆಗೋದಕ್ಕೂ ಇದೇ ಕಾರಣ ಅಂತ ಹೇಳ್ತಾರೆ, ಆ ಜಾಗಕ್ಕೆ ಮೊದಲೇ ರಕ್ತದ ಹರಿವು ಕಡಿಮೆ. ಹೆಂಗಸರಲ್ಲಿ ಕೆಲವರಿಗೆ ಮುಂಭಾಗದಲ್ಲೂ ಆಗುತ್ತೆ.

ಇನ್ನು ಶುರುವಾಗೋದು ಸುತ್ತು. ನೋವಿಗೆ ಹೆದರಿ ಮನುಷ್ಯ ಟಾಯ್ಲೆಟ್‌ಗೆ ಹೋಗೋದನ್ನೇ ಮುಂದಕ್ಕೆ ಹಾಕ್ತಾನೆ. ಇವತ್ತು ಬೇಡ, ನಾಳೆ ನೋಡೋಣ ಅಂತ ತಡೀತಾನೆ. ಒಳಗೆ ಉಳಿದ ಮಲದಿಂದ ದೊಡ್ಡ ಕರುಳು ನೀರು ಹೀರ್ತಾನೇ ಇರುತ್ತೆ. ನಾಳೆ ಬರೋದು ಇನ್ನೂ ಗಟ್ಟಿ, ಇನ್ನೂ ದಪ್ಪ. ಅರ್ಧ ಮಾಯ್ದ ಗಾಯ ಮತ್ತೆ ಸೀಳುತ್ತೆ. ಸ್ನಾಯು ಮತ್ತೆ ಸೆಟೆಯುತ್ತೆ. ಈ ಸುತ್ತು ಆರೆಂಟು ವಾರ ದಾಟಿದರೆ ಹೊಸ ಬಿರುಕು ಹಳೇ ಬಿರುಕಾಗಿ ನಿಲ್ಲುತ್ತೆ. ಅಂಚು ದಪ್ಪ ಆಗುತ್ತೆ, ಗಾಯದ ಹೊರತುದಿಯಲ್ಲಿ ಸಣ್ಣದೊಂದು ಚರ್ಮದ ತುಣುಕು ಬೆಳೆಯುತ್ತೆ.

ಈ ತುಣುಕೇ ಎಲ್ಲಾ ಗೊಂದಲಕ್ಕೆ ಮೂಲ. ತೊಳೆಯುವಾಗ ಬೆರಳಿಗೆ ಅದು ಸಿಗುತ್ತೆ. ‘ಮೊಳೆ ಬಂದಿದೆ’ ಅಂತ ನಿರ್ಧಾರ ಆಗಿಬಿಡುತ್ತೆ. ಅದು ಮೊಳೆ ಅಲ್ಲ, ಒಳಗೆ ಮಾಯದ ಗಾಯ ಇದೆ ಅಂತ ತೋರಿಸುವ ಗುರುತು.

ಪೈಲ್ಸ್, ಫಿಶರ್, ಫಿಸ್ತುಲಾ – ಮೂರೂ ಬೇರೆ

ಗೋಡೆ ಬರಹದಲ್ಲಿ ಮೂರನ್ನೂ ಒಂದೇ ಉಸಿರಿನಲ್ಲಿ ಬರೆದಿರ್ತಾರೆ, ಹಾಗಾಗಿ ಜನರೂ ಒಂದೇ ಅಂದ್ಕೋತಾರೆ. ಪೈಲ್ಸ್ ಅಂದ್ರೆ ಮೂಲವ್ಯಾಧಿ. ಗುದದ ಒಳಗಿನ ರಕ್ತನಾಳದ ಮೆತ್ತೆಗಳು ಊದಿಕೊಳ್ಳೋದು. ಒಳ ಮೂಲವ್ಯಾಧಿಯಲ್ಲಿ ರಕ್ತ ಹನಿ ಹನಿಯಾಗಿ, ಕೆಲವೊಮ್ಮೆ ಚಿಮ್ಮಿದ ಹಾಗೆ ಬರುತ್ತೆ, ಆದ್ರೆ ಸಾಮಾನ್ಯವಾಗಿ ನೋವಿರಲ್ಲ. ಏನೋ ಹೊರಗೆ ಜಾರಿ ಬಂದು ಒಳಗೆ ಹೋದ ಹಾಗೆ ಅನ್ನಿಸಬಹುದು. ಹೊರಗಿನ ಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಾತ್ರ ದಿಢೀರನೆ ನೋವಿನ ಗಂಟು ಏಳುತ್ತೆ. ಫಿಶರ್‌ನಲ್ಲಿ ಇದು ತಿರುಗುಮುರುಗು: ರಕ್ತ ಸ್ವಲ್ಪವೇ, ಮಲದ ಮೇಲೆ ಒಂದು ಗೆರೆಯಷ್ಟು, ನೋವು ಮಾತ್ರ ವಿಪರೀತ, ಅದೂ ಮೋಷನ್‌ಗೆ ಹೋದಾಗ ಶುರುವಾಗುವಂಥದ್ದು.

ಫಿಸ್ತುಲಾ ಅಂದ್ರೆ ಭಗಂದರ, ಒಳಗಿಂದ ಹೊರಚರ್ಮದವರೆಗೆ ಕೊರೆದುಕೊಂಡು ಬಂದ ಸಣ್ಣ ಸುರಂಗ. ಗುದದ ಪಕ್ಕದಲ್ಲಿ ಮೊಡವೆಯಂಥ ತೂತು, ಅದರಿಂದ ಆಗಾಗ ಕೀವು ಒಸರಿ ಒಳಬಟ್ಟೆ ಒದ್ದೆ ಆಗೋದು ಇದರ ಲಕ್ಷಣ. ಮೋಷನ್‌ಗೆ ಸಂಬಂಧವೇ ಇಲ್ಲದೆ ಹಗಲು ರಾತ್ರಿ ಸಿಡಿಯುವ ನೋವು, ಊತ, ಜ್ವರ ಇದ್ದರೆ ಕೀವು ಗಂಟು ಇರಬಹುದು. ಅದಕ್ಕೆ ಒಂದು ದಿನವೂ ಕಾಯಬಾರದು.

ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮೂಲವ್ಯಾಧಿ ಅಂತ ತಿಳಿದು ಬಿರುಕಿಗೆ ಸುಡೋದು, ಚುಚ್ಚೋದು, ಕಟ್ಟೋದು ಮಾಡಿಸಿಕೊಂಡರೆ ಗಾಯದ ಮೇಲೆ ಇನ್ನೊಂದು ಗಾಯ.

ಯಾರಿಗೆ ಬರುತ್ತೆ?

ಹೆಚ್ಚಾಗಿ ಹರೆಯದವರಿಂದ ಹಿಡಿದು ನಡುವಯಸ್ಸಿನವರಿಗೆ, ಗಂಡಸು ಹೆಂಗಸು ಅನ್ನೋ ಭೇದ ಇಲ್ಲ. ಮುಖ್ಯ ಕಾರಣ ಮಲಬದ್ಧತೆ. ಆದ್ರೆ ದಿನಗಟ್ಟಲೆ ನಿಲ್ಲದ ಭೇದಿಯಿಂದಲೂ ಬಿರುಕು ಬರುತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅಂಗಡಿ ನಡೆಸುವವರ ದಿನಚರಿಯನ್ನು ನೋಡಿದರೆ ಈ ಕಾಯಿಲೆಗೆ ಹಾಸಿಗೆ ಹಾಸಿಕೊಟ್ಟ ಹಾಗಿದೆ. ಬೆಳಗ್ಗೆ ಆರಕ್ಕೆ ಶಟರ್ ಎತ್ತಬೇಕು, ಟಾಯ್ಲೆಟ್‌ಗೆ ಪುರುಸೊತ್ತಿಲ್ಲ. ಬರೋ ಹೊತ್ತಿಗೆ ಗಿರಾಕಿ ನಿಂತಿರ್ತಾರೆ. ಮಾರ್ಕೆಟ್‌ನ ಎಷ್ಟೋ ಮಳಿಗೆಗೆ ಟಾಯ್ಲೆಟ್ಟೇ ಇಲ್ಲ, ಇರೋ ಸಾರ್ವಜನಿಕ ಶೌಚಾಲಯಕ್ಕೆ ಕಾಲಿಡೋ ಹಾಗಿರಲ್ಲ. ಹೀಗಾಗಿ ನೀರು ಕುಡಿಯೋದನ್ನೇ ಕಡಿಮೆ ಮಾಡ್ತಾರೆ. ಮಧ್ಯೆ ಮಧ್ಯೆ ಟೀ, ಬನ್ನು, ಹನ್ನೊಂದಕ್ಕೆ ಎರಡು ಪೂರಿ, ಊಟ ಮೂರು ಗಂಟೆಗೆ ಬಿಳಿ ಅನ್ನ. ಬಟ್ಟೆ ಅಂಗಡಿ, ಫ್ಯಾನ್ಸಿ ಸ್ಟೋರ್‌ಗಳಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಬೆಳಗ್ಗೆ ಬಸ್ ಹತ್ತಿದವರು ರಾತ್ರಿ ಮನೆ ಸೇರುವವರೆಗೂ ತಡೆದುಕೊಂಡೇ ಇರ್ತಾರೆ. ವೈದ್ಯರು ‘ಬಂದಾಗ ಹೋಗಿ, ತಡೀಬೇಡಿ’ ಅಂತ ಸುಲಭವಾಗಿ ಹೇಳ್ತಾರೆ. ಹೋಗೋಕೆ ಜಾಗ ಬೇಕಲ್ಲ. ಪಟ್ಟಣ ಪಂಚಾಯ್ತಿ, ಪುರಸಭೆಗಳು ಸಂತೆ ಸುಂಕ ವಸೂಲಿ ಮಾಡುವಷ್ಟು ಆಸ್ಥೆಯಿಂದ ಒಂದು ಶೌಚಾಲಯಕ್ಕೆ ನೀರು ಬಿಟ್ಟರೆ ಅರ್ಧ ಔಷಧಿ ಅಲ್ಲೇ ಆಗುತ್ತೆ.

ಬಾಣಂತಿಯರಲ್ಲೂ ಬಿರುಕು ಸಾಮಾನ್ಯ. ಹೆರಿಗೆ ವೇಳೆಯ ಒತ್ತಡ ಒಂದು, ಬಸುರಿಯಲ್ಲಿ ಆಗುವ ಮಲಬದ್ಧತೆ ಇನ್ನೊಂದು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದಲೂ ಕೆಲವರಿಗೆ ಮಲ ಗಟ್ಟಿಯಾಗುತ್ತೆ, ಕಪ್ಪಗೂ ಆಗುತ್ತೆ. ಹಾಗಂತ ಮಾತ್ರೆ ಬಿಸಾಡಬಾರದು, ರಕ್ತಹೀನತೆ ಅದಕ್ಕಿಂತ ಅಪಾಯ. ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಹೇಳಿದರೆ ಮಾತ್ರೆ ಬದಲಿಸಿ ಕೊಡ್ತಾರೆ, ಇಲ್ಲವೇ ಜೊತೆಗೆ ಮಲ ಮೆತ್ತಗಾಗುವ ಔಷಧಿ ಕೊಡ್ತಾರೆ. ಬಾಣಂತನದ ಪಥ್ಯದ ಹೆಸರಲ್ಲಿ ನೀರು, ಸೊಪ್ಪು, ಹಣ್ಣು ಎಲ್ಲಾ ಬಂದ್ ಮಾಡೋ ಮನೆಗಳಲ್ಲಿ ಬಿರುಕು ಮಾಯೋದಾದರೂ ಹೇಗೆ?

ಒಂದೆರಡು ವರ್ಷದ ಮಕ್ಕಳಿಗೂ ಬರುತ್ತೆ. ಎದೆಹಾಲು ಬಿಡಿಸಿ ಬರೀ ಹಸುವಿನ ಹಾಲು, ಬಿಸ್ಕೆಟ್ ಮೇಲೆ ಬೆಳೆಸುವ ಮಗು ಮೋಷನ್ ಬಂದಾಗ ಕಾಲು ಸೆಟೆದು, ಮೂಲೆ ಹಿಡಿದು ನಿಂತು ಅಳುತ್ತೆ. ಮಗು ಮುಕ್ಕುತ್ತಿದೆ ಅಂತ ದೊಡ್ಡವರು ತಿಳೀತಾರೆ, ಅದು ನೋವಿಗೆ ಹೆದರಿ ಒಳಗೇ ಹಿಡಿದಿಟ್ಟುಕೊಳ್ತಾ ಇರುತ್ತೆ. ಅಜ್ಜಿಯರು ಹರಳೆಣ್ಣೆ ಸವರಿದ ವೀಳ್ಯದೆಲೆ ತೊಟ್ಟನ್ನೋ ಸೋಪಿನ ಚೂರನ್ನೋ ಇಡೋದುಂಟು. ಬಿರುಕು ಇರುವ ಜಾಗಕ್ಕೆ ಅದು ಉಪ್ಪು ಸವರಿದ ಹಾಗೆ. ಮಕ್ಕಳ ಡಾಕ್ಟರು ಬರೆದುಕೊಡುವ ಸಿರಪ್ ಕೆಲವು ವಾರ ಕುಡಿಸಿದರೆ ಸಾಕಾಗುತ್ತೆ.

ಮೊದಲ ಮದ್ದು ಅಡುಗೆಮನೆಯಲ್ಲಿ

ಹೊಸ ಬಿರುಕುಗಳಲ್ಲಿ ಅರ್ಧದಷ್ಟಾದರೂ ಆಪರೇಷನ್, ಇಂಜೆಕ್ಷನ್ ಏನೂ ಇಲ್ಲದೆ ವಾಸಿ ಆಗ್ತವೆ. ಮಾಡಬೇಕಾದ್ದು ಒಂದೇ, ಕೆಲವು ವಾರ ಮಲ ಬಾಳೆಹಣ್ಣಿನಷ್ಟು ಮೆತ್ತಗೆ ಇರೋ ಹಾಗೆ ನೋಡಿಕೊಳ್ಳೋದು. 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಮೊದಲ ಸಲ ಬಿರುಕು ಆದವರಲ್ಲಿ ಒಂದು ಗುಂಪಿಗೆ ಮರಗಟ್ಟಿಸುವ ಲಿಗ್ನೋಕೇನ್ ಮುಲಾಮು, ಇನ್ನೊಂದು ಗುಂಪಿಗೆ ಸ್ಟೀರಾಯ್ಡ್ ಮುಲಾಮು, ಮತ್ತೊಂದು ಗುಂಪಿಗೆ ಬರೀ ಬಿಸಿನೀರಿನಲ್ಲಿ ಕೂರೋದು ಮತ್ತು ಗೋಧಿ ತೌಡು. ಮೂರು ವಾರದಲ್ಲಿ ತೌಡು ತಿಂದು ಬಿಸಿನೀರಲ್ಲಿ ಕೂತವರಲ್ಲಿ ಶೇ 87 ಜನಕ್ಕೆ ವಾಸಿ ಆಗಿತ್ತು, ಲಿಗ್ನೋಕೇನ್ ಹಚ್ಚಿದವರಲ್ಲಿ ಶೇ 60. ದುಡ್ಡು ಕೊಟ್ಟ ಟ್ಯೂಬ್‌ಗಿಂತ ತೌಡೇ ಮೇಲಾಯ್ತು.

ನಾರಿನಂಶ ದಿನಕ್ಕೆ 25ರಿಂದ 35 ಗ್ರಾಂ ಹೊಟ್ಟೆಗೆ ಹೋಗಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಇಡೀ ಹೆಸರುಕಾಳಿನಲ್ಲಿ 17, ಸೀಬೆಹಣ್ಣಿನಲ್ಲಿ 8ರ ಮೇಲೆ. ಅಂದ್ರೆ ಮಧ್ಯಾಹ್ನ ಒಂದು ಮುದ್ದೆ, ಜೊತೆಗೆ ಸೊಪ್ಪಿನ ಸಾರೋ ಕಾಳಿನ ಸಾರೋ, ಸಂಜೆ ಬಜ್ಜಿ ಬದಲು ತಳ್ಳುಗಾಡಿಯ ಸೀಬೆಹಣ್ಣು. ದುಬಾರಿ ಓಟ್ಸ್ ಡಬ್ಬಿ ಏನೂ ಬೇಕಿಲ್ಲ. ಉತ್ತರ ಕರ್ನಾಟಕದ ಕಡೆಯವರಿಗೆ ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಸೌತೆಕಾಯಿ ಇದೇ ಕೆಲಸ ಮಾಡ್ತವೆ. ಆದ್ರೆ ನಾರನ್ನು ಒಂದೇ ದಿನಕ್ಕೆ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತೆ. ವಾರದಲ್ಲಿ ನಿಧಾನವಾಗಿ ಹೆಚ್ಚಿಸಬೇಕು, ನೀರನ್ನೂ ಹೆಚ್ಚಿಸಬೇಕು. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ಊಟದಿಂದ ಆಗದಿದ್ದರೆ ಇಸಬ್‌ಗೋಲ್ ಇದೆ. ಒಂದೆರಡು ಚಮಚ ದೊಡ್ಡ ಲೋಟದ ತುಂಬಾ ನೀರಿಗೆ ಹಾಕಿ, ಅದು ಗಟ್ಟಿಯಾಗೋ ಮುಂಚೆ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಒಣ ಪುಡಿ ಬಾಯಿಗೆ ಸುರಿದುಕೊಂಡು ಎರಡು ಗುಟುಕು ನೀರು ಕುಡಿಯುವವರಿದ್ದಾರೆ. ಅದು ಗಂಟಲಲ್ಲಿ ಊದಿಕೊಂಡು ಸಿಕ್ಕಿಹಾಕಿಕೊಳ್ಳಬಹುದು, ಕರುಳಲ್ಲಿ ಕಟ್ಟಬಹುದು. ಲ್ಯಾಕ್ಟುಲೋಸ್‌ನಂಥ ಸಿರಪ್‌ಗಳು ಕರುಳಿನಲ್ಲಿ ನೀರು ಹಿಡಿದಿಟ್ಟು ಮಲ ಮೆತ್ತಗೆ ಮಾಡ್ತವೆ. ಒಂದೇ ರಾತ್ರಿಗೆ ಹೊಟ್ಟೆ ಪೂರ್ತಿ ಕೀಳಿಸುವ ಭೇದಿ ಮಾತ್ರೆ ಬೇರೆ. ಅದನ್ನು ನುಂಗಿ ನೀರು ನೀರಾಗಿ ಹತ್ತು ಸಲ ಹೋದರೆ ಗಾಯ ಇನ್ನೂ ಕೆರಳುತ್ತೆ.

ಇನ್ನು ‘ಉಷ್ಣ’. ಮೊಟ್ಟೆ ತಿಂದೆ, ಕೋಳಿ ತಿಂದೆ, ಉಷ್ಣ ಆಗಿ ರಕ್ತ ಬಂತು ಅನ್ನೋ ಮಾತು ಮನೆಮನೆಯಲ್ಲೂ ಇದೆ. ಮಾಂಸ, ಮೊಟ್ಟೆಯಲ್ಲಿ ನಾರು ಇಲ್ಲ, ಅದನ್ನೇ ತಿಂದು ತರಕಾರಿ ಬಿಟ್ಟರೆ ಮಲ ಗಟ್ಟಿಯಾಗುತ್ತೆ, ವಿಷಯ ಅಷ್ಟೇ. ಖಾರದಿಂದ ಬಿರುಕು ಹುಟ್ಟಲ್ಲ, ಆದ್ರೆ ಇರುವ ಬಿರುಕಿನ ಮೇಲೆ ಖಾರ ಹಾದುಹೋದರೆ ಉರಿ ತಪ್ಪಲ್ಲ. ಉಷ್ಣಕ್ಕೆ ಅಂತ ಕುಡಿಯೋ ಮಜ್ಜಿಗೆ, ಎಳನೀರು ಒಳ್ಳೇದೇ, ನೀರಿನ ಅಂಶ ಹೋಗುತ್ತಲ್ಲ. ಅದನ್ನು ಕುಡಿದು ಸುಮ್ಮನಾದರೆ ಮಾತ್ರ ಸಾಲದು.

ಬಿಸಿನೀರಿನ ಟಬ್

ಸೆಟೆದ ಸ್ನಾಯುವನ್ನು ಸಡಿಲ ಮಾಡೋಕೆ ಉಗುರುಬೆಚ್ಚಗಿನ ನೀರು ಸುಲಭದ ಉಪಾಯ. ಅಗಲವಾದ ಪ್ಲಾಸ್ಟಿಕ್ ಟಬ್‌ನಲ್ಲಿ ಸೊಂಟದ ಕೆಳಭಾಗ ಮುಳುಗುವಷ್ಟು ನೀರು ಹಾಕಿ 10ರಿಂದ 15 ನಿಮಿಷ ಕೂರೋದು. ದಿನಕ್ಕೆ ಎರಡು ಮೂರು ಸಲ, ಮೋಷನ್ ಆದ ಮೇಲಂತೂ ತಪ್ಪದೆ. ಅಂಗಡಿಯವರಿಗೆ ಮಧ್ಯಾಹ್ನ ಆಗಲ್ಲ ಅಂದ್ರೆ ಬೆಳಗ್ಗೆ, ರಾತ್ರಿ ಆದರೂ ಬಿಡಬಾರದು. ಡೆಟಾಲ್, ಉಪ್ಪು, ಪಟಿಕ ಯಾವುದೂ ಬೇಡ, ಬರೀ ನೀರು ಸಾಕು. ಡೆಟಾಲ್ ಸುರಿದು ಚರ್ಮ ಸುಟ್ಟುಕೊಂಡು ಬರುವವರೂ ಇದ್ದಾರೆ. ಸಕ್ಕರೆ ಕಾಯಿಲೆ ಹಳೆಯದಾಗಿ ಕಾಲು ಜೋಮು ಹಿಡಿಯುವವರಿಗೆ ನೀರಿನ ಬಿಸಿ ಗೊತ್ತಾಗದೆ ಇರಬಹುದು, ಮನೆಯ ಇನ್ನೊಬ್ಬರು ಮೊಣಕೈ ಅದ್ದಿ ನೋಡಬೇಕು. ಎದ್ದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸೋದು, ಉಜ್ಜೋದಲ್ಲ. ಸೋಪು ಹಾಕಿ ತಿಕ್ಕೋದು ಬೇಡವೇ ಬೇಡ.

ಟಾಯ್ಲೆಟ್‌ನಲ್ಲಿ ಐದು ನಿಮಿಷದ ಮೇಲೆ ಕೂರಬಾರದು. ಮೊಬೈಲ್ ಹೊರಗೇ ಇರಲಿ. ಮುಕ್ಕಬಾರದು, ಬರದಿದ್ದರೆ ಎದ್ದು ಬಂದು ಮತ್ತೆ ಹೋಗೋದು. ಬೆಳಗ್ಗೆ ಕಾಫಿಯೋ ತಿಂಡಿಯೋ ಹೊಟ್ಟೆಗೆ ಬಿದ್ದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತೆ. ಆ ಹೊತ್ತಿಗೆ ಹದಿನೈದು ನಿಮಿಷ ಇಟ್ಟುಕೊಂಡು ಅಂಗಡಿ ತೆಗೆದರೆ ಗಿರಾಕಿ ಎಲ್ಲೂ ಹೋಗಲ್ಲ. ವೆಸ್ಟರ್ನ್ ಕಮೋಡ್ ಇರುವ ಮನೆಯಲ್ಲಿ ಪಾದದ ಕೆಳಗೆ ಒಂದು ಸಣ್ಣ ಮಣೆ ಇಟ್ಟರೆ ಕುಕ್ಕರಗಾಲಿನಲ್ಲಿ ಕೂತಷ್ಟೇ ಸಲೀಸು.

ಮುಲಾಮು: ಯಾವುದು, ಎಷ್ಟು ದಿನ

ಮೆಡಿಕಲ್ ಸ್ಟೋರ್‌ನಲ್ಲಿ ‘ಪೈಲ್ಸ್ ಕ್ರೀಮ್’ ಅಂತ ಕೇಳಿದರೆ ಸಿಗುವ ಟ್ಯೂಬ್‌ಗಳಲ್ಲಿ ಹೆಚ್ಚಿನವು ಮರಗಟ್ಟಿಸುವ ಔಷಧಿ, ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರೋದು. ಹಚ್ಚಿದ ಹತ್ತು ನಿಮಿಷಕ್ಕೆ ಹಾಯ್ ಅನ್ನಿಸುತ್ತೆ. ಸ್ನಾಯುವಿನ ಸೆಟೆತಕ್ಕೆ ಅದು ಏನೂ ಮಾಡಲ್ಲ. ಸ್ಟೀರಾಯ್ಡ್ ಇರೋದನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಇನ್ನೂ ಬೇಗ ಸೀಳುತ್ತೆ.

ಹಳೇ ಬಿರುಕಿಗೆ ಡಾಕ್ಟರು ಬರೆದುಕೊಡೋದು ಸ್ನಾಯು ಸಡಿಲಿಸುವ ಮುಲಾಮು. ಡಿಲ್ಟಿಯಾಜೆಮ್, ನಿಫೆಡಿಪಿನ್, ನೈಟ್ರೋಗ್ಲಿಸರಿನ್ ಇವೇ ಮುಖ್ಯ. ಮೂರೂ ಮೂಲದಲ್ಲಿ ಬಿಪಿಗೆ, ಎದೆನೋವಿಗೆ ಕೊಡುವ ಔಷಧಿಗಳು, ಮುಲಾಮಾಗಿ ಹಚ್ಚಿದಾಗ ಅಲ್ಲಿನ ಸ್ನಾಯು ಸಡಿಲಿಸಿ ರಕ್ತದ ಹರಿವು ಹೆಚ್ಚಿಸ್ತವೆ. ಡಿಲ್ಟಿಯಾಜೆಮ್ ಸಾಮಾನ್ಯವಾಗಿ ಶೇ 2ರ ಪ್ರಮಾಣದ್ದು. ಬಟಾಣಿ ಕಾಳಿನಷ್ಟು ತೆಗೆದುಕೊಂಡು ಗುದದ್ವಾರದ ಅಂಚಿಗೆ, ಡಾಕ್ಟರು ಹೇಳಿದಂತೆ ಚೂರು ಒಳಗೆ, ದಿನಕ್ಕೆ ಎರಡು ಸಲ ಹಚ್ಚಬೇಕು. ಹಚ್ಚಿದ ಮೇಲೆ ಕೈ ತೊಳೆಯಬೇಕು. ನೈಟ್ರೋಗ್ಲಿಸರಿನ್‌ನಿಂದ ಎಷ್ಟೋ ಜನಕ್ಕೆ ತಲೆನೋವು ಬರುತ್ತೆ, ಎದ್ದು ನಿಂತಾಗ ತಲೆ ಸುತ್ತಬಹುದು. ಲೈಂಗಿಕ ಶಕ್ತಿಗೆ ಅಂತ ಸಿಲ್ಡೆನಾಫಿಲ್ ಜಾತಿಯ ಮಾತ್ರೆ ನುಂಗುವವರು ಇದನ್ನು ಹಚ್ಚಲೇಬಾರದು. ಎರಡೂ ಸೇರಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರುತ್ತೆ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಬೇಕಾದ ಮಾತು ಇದು.

ಈ ಮುಲಾಮು ಆರರಿಂದ ಎಂಟು ವಾರ ಹಚ್ಚಬೇಕು. ಜನ ಸೋಲೋದು ಇಲ್ಲೇ. ಹತ್ತನೇ ದಿನಕ್ಕೆ ನೋವು ಇಳಿಯುತ್ತೆ, ಟ್ಯೂಬ್ ಮೂಲೆ ಸೇರುತ್ತೆ, ಸೊಪ್ಪು ಹೋಗಿ ಪರೋಟ ಬರುತ್ತೆ. ನೋವು ಹೋಗಿದ್ದು ಸ್ನಾಯು ಸಡಿಲ ಆಗಿದ್ದಕ್ಕೆ, ಗಾಯದ ಮೇಲೆ ಹೊಸ ಚರ್ಮ ಇನ್ನೂ ಗಟ್ಟಿಯಾಗಿರಲ್ಲ. ಒಂದು ಗಟ್ಟಿ ಮೋಷನ್ ಸಾಕು, ಮತ್ತೆ ಮೊದಲಿನಿಂದ ಲೆಕ್ಕ.

ಆಪರೇಷನ್ ಯಾವಾಗ?

ಇಷ್ಟೆಲ್ಲಾ ಸರಿಯಾಗಿ ಮಾಡಿಯೂ ಎಂಟು ವಾರದಲ್ಲಿ ಮಾಯದಿದ್ದರೆ ಸರ್ಜನ್ ಮುಂದಿನ ದಾರಿ ಹೇಳ್ತಾರೆ. ಒಂದು, ಬೊಟಾಕ್ಸ್ ಇಂಜೆಕ್ಷನ್. ಮುಖದ ಸುಕ್ಕಿಗೆ ಸಿನಿಮಾದವರು ತೆಗೆದುಕೊಳ್ಳುವ ಅದೇ ಔಷಧಿ, ಸ್ನಾಯುವನ್ನು ಮೂರು ತಿಂಗಳಷ್ಟು ಕಾಲ ಸಡಿಲ ಮಾಡುತ್ತೆ. ದುಬಾರಿ, ಕೆಲವರಿಗೆ ಮತ್ತೆ ಬರುತ್ತೆ.

ಇನ್ನೊಂದು, ಒಳಗಿನ ಬಿಗಿ ಸ್ನಾಯುವಿನ ಒಂದು ಸಣ್ಣ ಭಾಗವನ್ನು ಪಕ್ಕದಲ್ಲಿ ಕೊಯ್ಯುವ ಆಪರೇಷನ್. ಒಳ ಸ್ನಾಯು ಕೊಯ್ಯುವ ಈ ವಿಧಾನವನ್ನು ದಕ್ಷಿಣ ಆಫ್ರಿಕಾದ ಸರ್ಜನ್ ಐಸೆನ್‌ಹಾಮರ್ 1951ರಲ್ಲಿ ವಿವರಿಸಿದರು, ಪಕ್ಕದಿಂದ ಕೊಯ್ಯೋದು ಆಮೇಲೆ ರೂಢಿಗೆ ಬಂತು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನಕ್ಕೆ ಇದರಿಂದ ವಾಸಿ ಆಗುತ್ತೆ, ಹೆಚ್ಚಿನವರು ಅದೇ ದಿನ ಅಥವಾ ಮಾರನೇ ದಿನ ಮನೆಗೆ ಬರ್ತಾರೆ. ಆದ್ರೆ ಕೊಯ್ದ ಸ್ನಾಯು ಮತ್ತೆ ಮೊದಲಿನಂತೆ ಕೂಡಲ್ಲ. ಕೆಲವರಿಗೆ ಗ್ಯಾಸ್ ತಡೆಯೋಕೆ ಆಗದೆ ಇರೋದು, ಒಳಬಟ್ಟೆಗೆ ಕಲೆ ಆಗೋದು ಉಳಿಯಬಹುದು. ಎರಡು ಮೂರು ಹೆರಿಗೆ ಆದ ಹೆಂಗಸರು, ವಯಸ್ಸಾದವರು, ಮೊದಲು ಅಲ್ಲಿ ಆಪರೇಷನ್ ಆದವರು ಈ ಅಪಾಯ ಎಷ್ಟು ಅಂತ ಕೇಳಿಯೇ ಒಪ್ಪಬೇಕು. ಮಂಪರು ಕೊಟ್ಟು ಬೆರಳಿನಿಂದ ಜೋರಾಗಿ ಹಿಗ್ಗಿಸುವ ಹಳೇ ಪದ್ಧತಿಯನ್ನು ಈಗ ಬಹುತೇಕ ಕಡೆ ಬಿಟ್ಟಿದ್ದಾರೆ. ಸ್ನಾಯು ಎಲ್ಲಿ ಎಷ್ಟು ಹರಿಯುತ್ತೆ ಅನ್ನೋದಕ್ಕೆ ಲೆಕ್ಕ ಇರಲ್ಲ. ‘ಲೇಸರ್’ ಅಂತ ಬೋರ್ಡ್ ಇದ್ದರೆ ಆ ಲೇಸರಿನಿಂದ ಏನು ಮಾಡ್ತಾರೆ, ಸ್ನಾಯು ಕೊಯ್ತಾರಾ, ಬರೀ ಹೊರಗಿನ ತುಣುಕು ತೆಗೀತಾರಾ ಅಂತ ಬಿಡಿಸಿ ಕೇಳೋದು ರೋಗಿಯ ಹಕ್ಕು. ತುಣುಕು ತೆಗೆದು ಗಾಯ ಬಿಟ್ಟರೆ ಕಾಯಿಲೆ ಇದ್ದಲ್ಲೇ ಇರುತ್ತೆ.

ಗೋಡೆ ಮೇಲಿನ ನಂಬರ್

‘ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗ್ಯಾರಂಟಿ ಗುಣ’ ಅನ್ನುವ ಬರಹ ಇಲ್ಲದ ತಾಲ್ಲೂಕು ಕೇಂದ್ರ ಇಲ್ಲ. ಲಾಡ್ಜ್ ರೂಮಿನಲ್ಲೋ ಮಳಿಗೆಯ ಹಿಂದಿನ ಕೋಣೆಯಲ್ಲೋ ಏನು ಚುಚ್ಚಿದರು, ಏನು ಲೇಪ ಹಚ್ಚಿದರು ಅಂತ ರೋಗಿಗೂ ಗೊತ್ತಿರಲ್ಲ. ಚೀಟಿ ಇಲ್ಲ, ಬಿಲ್ ಇಲ್ಲ. ಸುಡುವ ಲೇಪದಿಂದ ಮಾಂಸ ಕೊಳೆಯೋದು, ಗಾಯ ಮಾಯುವಾಗ ಗುದದ್ವಾರವೇ ಕಿರಿದಾಗಿ ಮುಚ್ಚಿಕೊಳ್ಳೋದು, ಮೋಷನ್ ಹಿಡಿತವೇ ಹೋಗೋದು ಇಂಥ ಚಿಕಿತ್ಸೆಯ ನಂತರ ಸರ್ಜನ್‌ಗಳ ಮುಂದೆ ಬರುವ ತೊಂದರೆಗಳು. ನಾಚಿಕೆಯಿಂದ ಗುಟ್ಟಾಗಿ ಹೋದವರು ಕೆಟ್ಟ ಮೇಲೆ ದೂರನ್ನೂ ಕೊಡಲ್ಲ, ಹಾಗಾಗಿ ಧಂದೆ ನಡೀತಾನೇ ಇದೆ.

ಆಯುರ್ವೇದದಲ್ಲಿ ಈ ಬಿರುಕಿಗೆ ಪರಿಕರ್ತಿಕಾ ಅನ್ನೋ ಹೆಸರೇ ಇದೆ, ಕತ್ತರಿಸಿದಂಥ ನೋವು ಅಂತ ಅರ್ಥ. ಕಲಿತು ನೋಂದಣಿ ಆದ ಆಯುರ್ವೇದ ವೈದ್ಯರು ಬೇರೆ, ಗೋಡೆ ಬರಹದವರು ಬೇರೆ. ಕ್ಷಾರಸೂತ್ರ ಅಂತ ಕೇಳಿರುವ ದಾರದ ಚಿಕಿತ್ಸೆ ಮುಖ್ಯವಾಗಿ ಭಗಂದರಕ್ಕೆ. ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ ಯಾವುದೇ ಪದ್ಧತಿಯದ್ದಿರಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ನೋಂದಣಿ ಆಗಿರಲೇಬೇಕು. ಒಳಗೆ ಹೋದ ಕೂಡಲೇ ಗೋಡೆ ಮೇಲೆ ಆ ಪ್ರಮಾಣಪತ್ರ ಇದೆಯಾ ನೋಡಬೇಕು. ಇಲ್ಲದಿದ್ದರೆ ವಾಪಸ್ ಬರೋದು, ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆಯೋದು.

ಮುಂದಕ್ಕೆ ಹಾಕಬಾರದ ಲಕ್ಷಣಗಳು

ಬಿರುಕಿನಿಂದ ಪ್ರಾಣ ಹೋಗಲ್ಲ. ಆದ್ರೆ ‘ಪೈಲ್ಸ್ ಇರಬೇಕು ಬಿಡು’ ಅಂತ ವರ್ಷಗಟ್ಟಲೆ ತಳ್ಳಿದ ರಕ್ತ ಕೊನೆಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗೋದುಂಟು. ಅದಕ್ಕೇ ನಲವತ್ತು ದಾಟಿದವರಿಗೆ ಹೊಸದಾಗಿ ರಕ್ತ ಕಾಣಿಸಿಕೊಂಡರೆ ಪರೀಕ್ಷೆ ಮಾಡಿಸದೆ ಬಿಡಬಾರದು. ರಕ್ತ ಕಪ್ಪಗಿದ್ದರೆ, ಮಲದಲ್ಲಿ ಬೆರೆತು ಬಂದರೆ, ಲೋಳೆ ಜೊತೆ ಬಂದರೆ, ಕಾರಣ ಇಲ್ಲದೆ ತೂಕ ಇಳಿದರೆ, ಸುಸ್ತು, ಬಿಳಿಚಿಕೊಳ್ಳೋದು ಇದ್ದರೆ, ಮೊದಲಿನ ಮೋಷನ್ ರೂಢಿ ತಿಂಗಳಿಂದ ಬದಲಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ವಯಸ್ಸು ಎಷ್ಟೇ ಇರಲಿ ಹೋಗಬೇಕು. ಬಿರುಕು ನಡುಗೆರೆಯಲ್ಲಿರದೆ ಪಕ್ಕದಲ್ಲಿದ್ದರೆ, ಒಂದಕ್ಕಿಂತ ಹೆಚ್ಚು ಇದ್ದರೆ ಡಾಕ್ಟರು ಕ್ಷಯ, ಕರುಳಿನ ಕ್ರೋನ್ಸ್ ಕಾಯಿಲೆ, ಎಚ್‌ಐವಿ ಇತ್ಯಾದಿ ಇದೆಯಾ ಅಂತ ಬೇರೆ ಪರೀಕ್ಷೆ ಬರೆಯಬಹುದು.

ಪರೀಕ್ಷೆ ಅಂದ್ರೆ ಭಯಪಡುವಂಥದ್ದೇನಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ, ಚರ್ಮ ಮೆಲ್ಲಗೆ ಸರಿಸಿ ನೋಡಿದರೆ ಬಿರುಕು ಕಣ್ಣಿಗೇ ಕಾಣುತ್ತೆ, ಒಂದು ನಿಮಿಷದ ಕೆಲಸ. ಜಾಸ್ತಿ ನೋವಿದ್ದರೆ ಅವತ್ತೇ ಬೆರಳು ಹಾಕಿ, ನಳಿಕೆ ಹಾಕಿ ನೋಡೋ ಅಗತ್ಯ ಇಲ್ಲ, ನೋವು ಇಳಿದ ಮೇಲೆ ಮಾಡ್ತಾರೆ. ಹೆಂಗಸರು ಲೇಡಿ ಡಾಕ್ಟರ್ ಬೇಕು ಅಂತ ಕೇಳಬಹುದು, ಇಲ್ಲದಿದ್ದರೆ ನರ್ಸ್ ಅಥವಾ ಜೊತೆ ಬಂದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಹುದು.

ಮೊದಲು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿ ಸರ್ಜನ್ ಇರುವ ದಿನ ಕೇಳಿಕೊಂಡರೆ ಆಯ್ತು. ಎಷ್ಟು ದಿನದಿಂದ ನೋವಿದೆ, ಯಾವ ಯಾವ ಟ್ಯೂಬ್ ಹಚ್ಚಿದ್ದು, ಬಿಪಿ, ಶುಗರ್, ಥೈರಾಯ್ಡ್, ನೋವಿನ ಮಾತ್ರೆ ಏನೇನು ನುಂಗ್ತಾ ಇರೋದು ಅಂತ ಚೀಟಿ ಸಮೇತ ಒಯ್ದರೆ ಒಳ್ಳೇದು. ಕೆಲವು ಜೋರು ನೋವಿನ ಮಾತ್ರೆ, ಕೆಮ್ಮಿನ ಸಿರಪ್‌ಗಳೇ ಮಲ ಕಟ್ಟಿಸ್ತವೆ. ಆಪರೇಷನ್ ತನಕ ಹೋದರೆ ಬಿಪಿಎಲ್ ಕಾರ್ಡ್, ಆಧಾರ್ ತೆಗೆದುಕೊಂಡು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಕೌಂಟರ್‌ನಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತೆ ಅಂತ ವಿಚಾರಿಸಬೇಕು. ಖಾಸಗಿ ಆಸ್ಪತ್ರೆಗೆ ಸೇರಿದ ಮೇಲೆ ರೆಫರಲ್ ಚೀಟಿಗೆ ಓಡಾಡೋದಕ್ಕಿಂತ ಮೊದಲೇ ಕೇಳೋದು ವಾಸಿ. ಆಪರೇಷನ್ ಆದವರು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಅಂಗಡಿಗೆ ಬಂದು ಕೂರಬಹುದು. ಭಾರದ ಮೂಟೆ ಎತ್ತೋದನ್ನು ಮಾತ್ರ ಡಾಕ್ಟರು ಹೇಳುವವರೆಗೆ ಹುಡುಗರಿಗೆ ಬಿಡಬೇಕು. ಮುದ್ದೆ, ಸೊಪ್ಪು, ನೀರಿನ ಬಾಟಲಿ ಆಮೇಲೂ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇರಲಿ.